ಹಾರ ಹಾಕಿದ ವಕೀಲ

ಫೋಟೋ ತೆಗೆಸಿಕೊಳ್ಳುವುದು ಸುಲಭ. ಅದು ಹಳೆಯದಾಯಿತೆಂದು ಒಪ್ಪಿಕೊಳ್ಳುವುದೇ ಕಷ್ಟ. ಜೋಡು ಸವೆದರೆ ಕಾಲಿಗೆ ತಿಳಿಯುತ್ತದೆ. ಫೋಟೋ ಮಾತ್ರ ಇದ್ದಂತೆಯೇ ಇರುತ್ತದೆ, ಸವೆಯುವವರು ನಾವು. ವಕೀಲಿಯ ಸನದು ಸಿಕ್ಕ ಹೊಸದರಲ್ಲಿ ನಾನೊಂದು ಫೋಟೋ ತೆಗೆಸಿದ್ದೆ. ಮೈಮೇಲೆ ಶೇರವಾನಿ, ತಲೆಯ ತುಂಬ ಕೂದಲು, ನಿಜಾಮ ಸರಕಾರವೇ ನನ್ನ ಸಲಹೆಗೆ ಕಾದು ನಿಂತಿದೆ ಎಂಬಂಥ ನೋಟ. ಗೆದ್ದ ಕಕ್ಷಿದಾರರಿಗೆಲ್ಲ ಅದರ ಒಂದೊಂದು ಪ್ರತಿ ಕೊಡುತ್ತಿದ್ದೆ. ಅವರ ಮನೆಗೆ ಬಂದವರು ನೋಡಿ ಕಲಬುರಗಿಯ ಬ್ರಹ್ಮಪುರಕ್ಕೆ ನನ್ನನ್ನು ಹುಡುಕಿಕೊಂಡು ಬರಲಿ ಎಂಬ ಆಸೆ. ಕೂದಲು ಹೋಗಿ ಕನ್ನಡಕ ಬಂದರೂ ಕೊಡುವುದನ್ನು ನಿಲ್ಲಿಸಲಿಲ್ಲ. ಹೆಂಡತಿ ಒಮ್ಮೆ ಅದರ ಧೂಳು ಒರೆಸುತ್ತ, “ಇದರಾಗಿನವ್ರು ಮನಿಗಿ ಯಾವಾಗ ಬರ್ತಾರ್ರೀ?” ಎಂದು ಕೇಳಿದ್ದಳು. ಇವಳಿಗೆ ವಕೀಲಿಯ ವ್ಯವಹಾರ ತಿಳಿಯದು ಎಂದುಕೊಂಡಿದ್ದೆ.

ಕಮಲಾಪುರದ ಮುಕದ್ದಮೆಗಳೇ ನಮ್ಮ ಮನೆಗೆ ಅನ್ನ ಹಾಕುತ್ತಿದ್ದವು. ಬಾಳೆಯ ತೋಟಗಳಿದ್ದಲ್ಲಿ ಬದುವಿನ ಜಗಳ, ನೀರಿನ ಸರದಿಯ ಜಗಳ ಇದ್ದೇ ಇರುತ್ತವೆ. ಆದರೆ ಬರಬರುತ್ತ ಆ ಊರಿನವರು ನನ್ನ ಬಾಗಿಲು ದಾಟಿ ಬೇರೆ ವಕೀಲರ ಮನೆಗೆ ಹೋಗತೊಡಗಿದರು. ಹೋಗುವಾಗ ನಮ್ಮ ಮನೆಯ ಕಡೆ ನೋಡಿ ನಿಟ್ಟುಸಿರು ಬೇರೆ ಬಿಡುತ್ತಿದ್ದರು. ಹೀಗೇ ಆದರೆ ಸಂಸಾರದ ಗತಿಯೇನೆಂದು ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಅಲ್ಲಿಯ ನನ್ನ ಹಳೆಯ ಕಕ್ಷಿದಾರ ಶರಣಪ್ಪನನ್ನೇ ಕೇಳೋಣವೆಂದು ಗಾಡಿ ಕಟ್ಟಿಸಿಕೊಂಡು ಹೊರಟೆ.

ಶರಣಪ್ಪನ ಪಡಸಾಲೆಯ ಗೋಡೆಯ ಮೇಲೆ ತೀರಿಹೋದ ಅವನ ತಂದೆ, ತೀರಿಹೋದ ಅವನ ದೊಡ್ಡಪ್ಪ, ಪಕ್ಕದಲ್ಲಿ ನಾನು. ಮೂವರ ಹಣೆಗೂ ವಿಭೂತಿ, ಮೂವರ ಕೊರಳಿಗೂ ಚೆಂಡುಹೂವಿನ ಹಾರ. ತೋಟ ಉಳಿಸಿಕೊಟ್ಟ ಪುಣ್ಯಾತ್ಮನೆಂದು ಹಿರಿಯರ ಜೊತೆಗೆ ನನಗೂ ಸೋಮವಾರಕ್ಕೊಮ್ಮೆ ಪೂಜೆ ನಡೆಯುತ್ತಿತ್ತಂತೆ. ಇವರು ಯಾರೆಂದು ಬಂದವರು ಕೇಳಿದರೆ, ಅಂಥ ವಕೀಲರು ಮತ್ತೆ ಹುಟ್ಟುವುದಿಲ್ಲ ಎಂದು ಶರಣಪ್ಪ ಕಣ್ಣು ತುಂಬಿಕೊಂಡು ಹೇಳುತ್ತಿದ್ದನಂತೆ. ಇನ್ನು ನನ್ನ ಹತ್ತಿರ ಯಾರು ಬಂದಾರು? ಮೊದಲು ಅದನ್ನು ಇಳಿಸು ಎಂದೆ. ಅವನು ಕೈಮುಗಿದ.

“ಪೂಜಿ ಮಾಡಿದ್ದು ಹ್ಯಾಂಗ ಇಳಸ್ಲಿರೀ ಸಾಹೇಬ್ರ? ಬೇಕಾದ್ರ ಈಗಿಂದೊಂದು ಫೋಟೋ ಕೊಡ್ರಿ, ಬಾಜೂಕ ಹಾಕ್ತೀನಿ.”

ಕಲಬುರಗಿಗೆ ಬಂದವನೇ ಫೋಟೋದವನ ಮುಂದೆ ಕುಳಿತೆ. ಅವನು ಪಾಪ, ತಲೆಗೆ ರುಮಾಲು ಸುತ್ತಿಕೊಳ್ಳಿ, ಕನ್ನಡಕ ತೆಗೆಯಿರಿ, ಸುಕ್ಕುಗಳನ್ನು ಕುಂಚದಿಂದ ತಿದ್ದುತ್ತೇನೆ ಎಂದ. ಆಸೆಯೇನೋ ಆಯಿತು. ಆದರೂ, ಬದುಕಿದ್ದೇನೆಂದು ತೋರಿಸಿಕೊಳ್ಳುವುದಕ್ಕಾಗಿ ತೆಗೆಸುವ ಫೋಟೋ ಇದು, ಇದ್ದದ್ದು ಇದ್ದಂತೆ ಬರಲಿ ಎಂದೆ. ಅದನ್ನು ಶರಣಪ್ಪನಿಗೆ ಕಳಿಸುವಾಗ, ಇದಕ್ಕೆ ವಿಭೂತಿ ಹಚ್ಚಕೂಡದು, ಹಾರ ಹಾಕಕೂಡದು ಎಂದು ಕಟ್ಟುನಿಟ್ಟಾಗಿ ಹೇಳಿಸಿದೆ. ಅವನು ಹಾಗೆಯೇ ನಡೆದುಕೊಂಡ.

ಕಮಲಾಪುರದವರು ಮತ್ತೆ ಬರತೊಡಗಿದರು. ಮೆಲ್ಲಗೆ ಮಾತಾಡುವರು, ಕೆಂಪು ಬಾಳೆಯ ಗೊನೆ ತಂದಿಡುವರು, ನಾನು ಎದ್ದರೆ ತಾವೂ ಏಳುವರು. ಹೊಸ ಫೋಟೋದಲ್ಲಿ ನನಗೊಂದು ಗಾಂಭೀರ್ಯ ಬಂದಿದೆ ಎಂದು ನಾನು ಹಿಗ್ಗಿದೆ. ಹಾಗಿರುವಾಗ ಬದುವಿನ ತಕರಾರಿನ ಒಬ್ಬ ಮುದುಕಿ ಬಂದಳು. ನನ್ನ ಮುಖವನ್ನೇ ನೋಡುತ್ತ ಕುಳಿತು ಕೊನೆಗೆ, “ಹರೇದ ಮಗ ಹೋದ ಮ್ಯಾಲೂ ಕಚೇರಿಗಿ ಹೋಗ್ತೀರಲ್ರೀ, ನಿಮ್ಮ ಎದಿ ದೊಡ್ಡದು” ಎಂದಳು.

ನನಗೆ ಮಕ್ಕಳೇ ಇಲ್ಲ. ಹಾರ ಹಾಕಿದ ಹುಡುಗನ ಪಕ್ಕದಲ್ಲಿ ಹಾರವಿಲ್ಲದ ಮುದುಕನನ್ನು ನೋಡಿದ ಊರು ತಾನೇ ಲೆಕ್ಕ ಹಾಕಿಕೊಂಡಿತ್ತು. ಬಾಯಿ ತೆರೆಯುವಷ್ಟರಲ್ಲಿ ಮುದುಕಿಯೇ ಮುಂದುವರಿಸಿದಳು.

“ಮಗ ನಿಮಗಿಂತ ಚಲೋ ವಕೀಲ ಇದ್ದನಂತ. ಇರ್ಲಿ, ಈಗ ನಮಗ ನೀವೇ ಗತಿ.”

ಅವನು ಗೆದ್ದ ಮುಕದ್ದಮೆಗಳನ್ನೆಲ್ಲ ನಡೆಸಿದವನು ನಾನೇ ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ಸತ್ತ ಮಗನ ಹೆಸರಿಗೂ ಕೈಹಾಕುವ ತಂದೆ ಎಂದಾಳೆಂದು ನುಂಗಿಕೊಂಡೆ. ಕನ್ನಡಕ ತೆಗೆದು, ಕಣ್ಣೊರೆಸಿಕೊಂಡು, ಆಕೆಯ ಕಾಗದಗಳಿಗೆ ಕೈಚಾಚಿದೆ.