ನಮ್ಮ ಮನೆ ಹೊಕ್ಕ ಗೋಲ್‌ಕೀಪರ್

ಶಿವನ ದಯದಿಂದ ನಮ್ಮ ಮನೆಯಲ್ಲಿ ಉಣ್ಣಲು ಉಡಲು ಕೊರತೆಯಿಲ್ಲ. ಆದರೆ ಮಾತು ಎಲ್ಲಿಂದ ಶುರುವಾದರೂ ಅದು ಕಡೆಗೆ ಒಬ್ಬ ಗೋಲ್‌ಕೀಪರ್ ಹತ್ತಿರ ಹೋಗಿ ನಿಲ್ಲುತ್ತದೆ. ಬೇಳೆಯ ಮಾತಾದರೂ ಅಷ್ಟೆ, ಮಳೆಯ ಮಾತಾದರೂ ಅಷ್ಟೆ. ಮಗಳಿಗೆ ವರ ನೋಡಲು ಶುರು ಮಾಡಿದ ಮೇಲಂತೂ ಇಂಥ ಪ್ರಸಂಗಗಳು ಒಂದರ ಹಿಂದೊಂದು ನಡೆಯುತ್ತಲೇ ಬಂದವು.

ಆ ಗೋಲ್‌ಕೀಪರ್ ನಮ್ಮ ಬಂಧುವಲ್ಲ, ನಮ್ಮ ಸೀಮೆಯವನೂ ಅಲ್ಲ. ದೇಶದ ಫುಟ್‌ಬಾಲ್ ತಂಡದಲ್ಲಿ ಬಹಳ ವರ್ಷ ಆಡಿ ಈಗ ಹೊರಗೆ ಕೂತವನು. ಅವನ ಜಾಗದಲ್ಲಿ ಒಬ್ಬ ಎಳೆಯನನ್ನು ನಿಲ್ಲಿಸಿದ್ದಾರೆ. ಅಂದಿನಿಂದಲೇ ತಂಡ ಸೋಲುತ್ತಿದೆ ಎಂದು ನನ್ನ ತಮ್ಮ. ಅದಕ್ಕೂ ಮೊದಲು ಏನು ಗೆದ್ದು ಗುಡ್ಡೆ ಹಾಕಿತ್ತು ಎಂದು ಎದುರಂಗಡಿಯ ಟೇಲರ್. ಹರಪನಹಳ್ಳಿಯಲ್ಲಿ ಕ್ರಿಕೆಟ್ ನೋಡದವರಿಲ್ಲ. ಫುಟ್‌ಬಾಲ್ ಎಂದರೆ ಪ್ರಾಣ ಬಿಡುವವರು ಮಾತ್ರ ನನಗೆ ತಿಳಿದಂತೆ ಇವರಿಬ್ಬರೇ. ಒಬ್ಬ ನನ್ನ ಕಿರಾಣಿ ಅಂಗಡಿಯ ತಕ್ಕಡಿ ಮುಂದೆ, ಇನ್ನೊಬ್ಬ ರಸ್ತೆಯಾಚೆ ಹೊಲಿಗೆ ಮಷೀನಿನ ಮುಂದೆ. ವಾದವೆಲ್ಲ ರಸ್ತೆಯ ಮೇಲಿಂದಲೇ ಹಾಯಬೇಕು. ನಡುವೆ ಬಸ್ಸು ಬಂದು ಹಾರ್ನ್ ಹೊಡೆದರೆ ಆಗ ಮಾತ್ರ ನಮಗೆ ಸ್ವಲ್ಪ ಶಾಂತಿ.

ನನಗಿದ್ದ ಚಿಂತೆ ಒಂದೇ, ಮಗಳ ಲಗ್ನ. ತಮ್ಮನಿಗೂ ಚಿಂತೆ ಒಂದೇ ಇತ್ತು. ಎರಡೂ ಒಂದೇ ಮನೆಯಲ್ಲಿದ್ದದ್ದು ನನ್ನ ಕರ್ಮ.

ಅಂಗಿಯ ಅಳತೆ

ಹಲವಾಗಲು ಗ್ರಾಮದಿಂದ ಒಬ್ಬ ಹಿರಿಯರು ಅಂಗಿ ಹೊಲಿಸಲು ಟೇಲರ್ ಹತ್ತಿರ ಬಂದಿದ್ದರು. ಸಂಭಾವಿತ ಮನುಷ್ಯ. ಟೇಲರ್ ಅವರ ಭುಜಕ್ಕೆ ಟೇಪು ಹಿಡಿದಿದ್ದ. ಇತ್ತ ನನ್ನ ತಮ್ಮ ಸಕ್ಕರೆ ತೂಗುತ್ತಲೇ ಕೂಗಿದ:

"ಲೇ, ನಿನ್ನೆ ಚೆಂಡು ಬಂದಾಗ ನಿಮ್ಮ ಹುಡುಗ ಕೈ ಎಲ್ಲಿಟ್ಟಿದ್ದಲೇ?"

"ಎಲ್ಲಿಡಬೇಕೋ ಅಲ್ಲೇ ಇಟ್ಟಿದ್ದ. ನೋಡಿಲ್ಲಿ" ಎಂದು ಟೇಲರ್ ಗಿರಾಕಿಯ ಎರಡೂ ಕೈ ಹಿಡಿದು ಮೇಲಕ್ಕೆತ್ತಿದ.

ತಮ್ಮ ಸಕ್ಕರೆಯನ್ನು ತಕ್ಕಡಿಯಲ್ಲೇ ಬಿಟ್ಟು ರಸ್ತೆ ದಾಟಿದ. "ಹಂಗಲ್ಲ, ಹಿಂಗ ನಿಂತಿದ್ದ" ಎಂದು ಆ ಕೈಗಳನ್ನು ಇಳಿಸಿದ. ಟೇಲರ್ ಮತ್ತೆ ಎತ್ತಿದ. ತಮ್ಮ ಅವುಗಳನ್ನು ಎರಡೂ ಪಕ್ಕಕ್ಕೆ ಚಾಚಿ, "ನಮ್ಮಾತ ಇದ್ದಿದ್ರ ಹಿಂಗ ನಿಲ್ತಿದ್ದ" ಎಂದ. ಟೇಲರ್ ಹಟಕ್ಕೆ ಬಿದ್ದು ಮತ್ತೆ ಮೇಲೆತ್ತಿ, ಮಾತು ಮುಂದುವರಿಸುತ್ತಲೇ ತೋಳಿನ ಅಳತೆಯನ್ನೂ ತೆಗೆದುಕೊಂಡ.

"ಕೈ ಇಳಸ್ಲೇನ್ರಿ?" ಎಂದರು ಆ ಹಿರಿಯರು.

"ತಡೀರಿ" ಎಂದರು ಇಬ್ಬರೂ. ಅವರು ಒಮ್ಮತಕ್ಕೆ ಬಂದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಅಂಗಿ ಒಯ್ದವರು ಮರುದಿನವೇ ಅದನ್ನು ಹಾಕಿಕೊಂಡು ಬಂದರು. "ಕೈ ಎತ್ತಿದ್ರ ಹೇಳಿ ಮಾಡಿಸಿದಂಗ ಕೂಡತೈತ್ರಿ. ಇಳಿಸಿದ್ರ ಬೆರಳ ಕಾಣಂಗಿಲ್ಲ."

ತಮ್ಮ ನಮ್ಮ ಅಂಗಡಿಯಿಂದಲೇ ಹೇಳಿದ: "ಆ ಹುಡುಗನ್ನ ನಂಬಿದೋರ ಗತಿ ಇಷ್ಟರಿ."

ಅಯ್ಯನೋರ ಆಶೀರ್ವಾದ

ನಮ್ಮ ಅವ್ವನಿಗೆ ಕಾಲಿನ ನೋವು. ಹಗಲೆಲ್ಲ ಟಿವಿ ಮುಂದೆ ಕೂತಿರುತ್ತಾಳೆ. ಒಮ್ಮೆ ತಮ್ಮ ಆಟ ನೋಡುವಾಗ, ಅಂಚಿನ ಬೆಂಚಿನ ಮೇಲೆ ಕೂತ ಹಳೆಯ ಗೋಲ್‌ಕೀಪರನನ್ನು ತೋರಿಸಿ ಅವನ ಕಥೆಯನ್ನೆಲ್ಲ ಹೇಳಿದ.

"ಎಲ್ಲರೂ ಆಡಾಕತ್ಯಾರ, ಆತನ್ನ ಒಬ್ಬಾತನ್ನ ಯಾಕ ಹೊರಗ ಕುಂದರಿಸ್ಯಾರೋ?"

"ಅದನ್ನ ನಾನೂ ಕೇಳಾಕತ್ತೀನವ್ವ."

"ಊಟಕ್ಕಾದ್ರೂ ಕರೀತಾರೇನಪ?"

ಅಂದಿನಿಂದ ಅವಳ ಪೂಜೆಯಲ್ಲಿ ಅವನ ಪಾಲೂ ಸೇರಿತು. ಮುಂದಿನ ಸೋಮವಾರ ನಮ್ಮ ಮನೆತನದ ಗುರುಗಳಾದ ಅಯ್ಯನೋರು ಪಾದಪೂಜೆಗೆ ಬಂದರು. ಅವರ ಬಾಯಿಂದ ಬಂದ ಮಾತೆಂದರೆ ನಮ್ಮ ಮನೆಯಲ್ಲಿ ತೀರ್ಮಾನವಾದಂತೆ. ಪೂಜೆ ಮುಗಿದು, ವಿಭೂತಿ ಹಚ್ಚಿಸಿಕೊಂಡು, ಮಗಳ ವಿಷಯ ಹೇಗೆ ತೆಗೆಯಲಿ ಎಂದು ನಾನು ಮಾತು ಹೊಂದಿಸಿಕೊಳ್ಳುತ್ತಿದ್ದೆ. ನನ್ನದು ನಿಧಾನ. ಅಷ್ಟರಲ್ಲಿ ಅವ್ವ ಕೈಮುಗಿದು, "ಬುದ್ಧೀ, ಮೊಮ್ಮಗಳಿಗೆ ಕಂಕಣ ಕೂಡಿ ಬರಬೇಕು. ಆ ಹುಡುಗಗೂ ಒಂದು ಜಾಗ ಆಗಬೇಕು" ಎಂದಳು.

ಅಯ್ಯನೋರು ನೇರವಾಗಿ ಕೂತರು. "ಹುಡುಗನ್ನ ನೋಡೀರೇನು? ಹೆಂಗದಾನ?"

"ಭಾಳ ಎತ್ತರ ಅದಾನ್ರಿ ಬುದ್ಧೀ. ಪಾಪ, ಹೊರಗ ಕುಂತಾನ."

"ಕೆಲಸ ಇಲ್ಲೇನು?"

"ಇತ್ತಂತ. ಬಿಡಿಸ್ಯಾರ."

"ವಯಸ್ಸು?"

ಅವ್ವ ತಮ್ಮನ ಮುಖ ನೋಡಿದಳು. ಅವನು ತಲೆ ತಗ್ಗಿಸಿ, "ನಲವತ್ತರ ಹತ್ರ ಆಗೈತಿ" ಎಂದ.

ಅಯ್ಯನೋರು ಕಣ್ಣು ಮುಚ್ಚಿ, "ಬ್ಯಾಡ ತಾಯಿ. ಕೆಲಸಿಲ್ಲ, ವಯಸ್ಸೂ ಮೀರೈತಿ. ಬ್ಯಾರೇದು ನೋಡ್ರಿ" ಎಂದು ಅಪ್ಪಣೆ ಕೊಟ್ಟರು.

ಅಂದು ಹೋಳಿಗೆ ಮಾಡಿದ್ದರು. ತಮ್ಮ ಉಣ್ಣಲಿಲ್ಲ. ಸುದ್ದಿ ಹೇಗೆ ರಸ್ತೆ ದಾಟಿತೋ, ಟೇಲರ್ ತಾನಾಗಿ ಬಂದು ಅವನ ಪಾಲಿನದನ್ನೂ ಉಂಡು ಹೋದ.

ಕಪ್ಪು-ಬಸಿ

ಬ್ಯಾರೇದು ಅಂದರೆ ಕೊಟ್ಟೂರಿನ ಕಡೆಯದೊಂದು ಸಂಬಂಧ ಬಂತು. ಒಳ್ಳೆಯ ಮನೆತನ. ಹುಡುಗ ತಂದೆಯ ಜೊತೆ ಬೀಜ ಗೊಬ್ಬರದ ವ್ಯಾಪಾರ ನೋಡಿಕೊಳ್ಳುತ್ತಾನೆ. ಅವರು ನೋಡಲು ಬರುವ ದಿನ ನಾನು ತಮ್ಮನನ್ನು ಪಕ್ಕಕ್ಕೆ ಕರೆದು, ಚೆಂಡು ಎನ್ನುವ ಶಬ್ದ ನಿನ್ನ ಬಾಯಿಂದ ಬರಕೂಡದು ಎಂದು ಹೇಳಿದೆ. ಅವನು ಮಾತಿಗೆ ತಪ್ಪಲಿಲ್ಲ. ತಪ್ಪಿದವರು ಹುಡುಗನ ಸೋದರಮಾವ. ಉಪ್ಪಿಟ್ಟು ತಿನ್ನುತ್ತಾ ಅವರು ಸುಮ್ಮನೆ ಹೇಳಿದರು: "ನಮ್ಮ ದೇಶದ ಫುಟ್‌ಬಾಲ್ ತಂಡದಾಗ ಈಗಿನ ಕೀಪರ್ ಚಲೋ ಅದಾನ್ರಿ. ಗೋಲಿನ ಮುಂದ ಕಾಯೋ ಆಟಗಾರರ ಸುಮಾರು."

ನಾನು ಶಿವ ಶಿವ ಎಂದೆ. ತಮ್ಮ ನನ್ನ ಕಡೆ ಒಮ್ಮೆ ನೋಡಿದ. ಆಮೇಲೆ ನೋಡಲಿಲ್ಲ.

ಸ್ವಲ್ಪ ಹೊತ್ತಿನಲ್ಲಿ ಇಬ್ಬರೂ ಚಾಪೆಯ ಮೇಲೆ ಮಂಡಿಯೂರಿದ್ದರು. ಚಹಾಕ್ಕೆಂದು ಇಟ್ಟಿದ್ದ ಬಸಿಗಳು ನಮ್ಮ ತಂಡ, ಕಪ್ಪುಗಳು ಎದುರಾಳಿ, ಬೇಸನ್ ಉಂಡಿ ಚೆಂಡು. ಹುಡುಗನ ತಂದೆ ಕಾಲು ಅಗಲಿಸಿ ಕೂತಿದ್ದರು. ಆ ಸಂದನ್ನೇ ಗೋಲು ಎಂದುಕೊಳ್ಳಲು ಇಬ್ಬರೂ ಅವರ ಒಪ್ಪಿಗೆ ಕೇಳಿದರು. ಅವರೂ ಒಪ್ಪಿದರು. ಮಗಳು ಸೀರೆಯುಟ್ಟು ಚಹಾದ ಕಿಟ್ಲಿ ಹಿಡಿದು ಬಂದಳು. ಒಂದು ಕಪ್ಪಿಗೆ ಬಗ್ಗಿದ್ದೇ ತಡ, ಸೋದರಮಾವ ತಲೆ ಎತ್ತದೆ, "ಅದನ್ನ ಮುಟ್ಟಬ್ಯಾಡಮ್ಮ, ಅದು ಬಲಗಡಿ ಆಟಗಾರ" ಎಂದರು. ಅವಳು ಕಿಟ್ಲಿ ಸಮೇತ ಒಳಗೆ ಹೋದಳು. ನೀರು ಬೇಕೆಂದು ಹುಡುಗನೂ ಅಡುಗೆಮನೆಯ ಕಡೆ ಎದ್ದು ಹೋದ. ನೀರು ಕುಡಿಯಲು ಅವನಿಗೆ ಬಹಳ ಹೊತ್ತು ಬೇಕಾಯಿತು.

ಸಂಜೆ ಬಸ್ಸಿಗೆ ಹೋದವರು ಊರು ಮುಟ್ಟಿ ಫೋನು ಮಾಡಿದರು. ಹುಡುಗನ ತಂದೆ ಬಹಳ ಸಂಕೋಚದಿಂದ ಹೇಳಿದರು: "ಯಜಮಾನ್ರ, ಉಪ್ಪಿಟ್ಟು, ಮಾತು ಎಲ್ಲಾ ಚಲೋ ಆತು. ಹುಡುಗಿನ್ನ ನೋಡೋದೊಂದು ಮರತ್ವಿ. ಆದ್ರ ಹುಡುಗ ನೋಡ್ಯಾನಂತ, ಒಪ್ಯಾನಂತ."

ಹೂವಿನ ಅಪ್ಪಣೆ

ಮಗಳೂ ಒಪ್ಪಿದಳು ಎಂದು ನಮ್ಮ ಮನೆಯಾಕೆ ತಿಳಿಸಿದಳು. ಆದರೂ ದೇವರ ಹೂವು ಆಗದೆ ನಮ್ಮಲ್ಲಿ ತಾಂಬೂಲ ಬದಲಾಯಿಸುವುದಿಲ್ಲ. ತೆಲಿಗಿಯ ಹತ್ತಿರ ನಮ್ಮ ಹಿರಿಯರ ಊರು, ಅಲ್ಲಿ ನಮ್ಮ ಮನೆದೇವರ ಗುಡಿ. ಪೂಜಾರಪ್ಪ ದೇವರ ಎರಡೂ ಭುಜಕ್ಕೆ ಹೂವು ಏರಿಸುತ್ತಾನೆ. ಕೇಳಿಕೊಂಡ ಮೇಲೆ ಬಲದ ಹೂವು ಬಿದ್ದರೆ ಆಗಲಿ ಎಂದು, ಎಡದ್ದು ಬಿದ್ದರೆ ಬೇಡ ಎಂದು.

ತಮ್ಮನೂ ಬಂದ. ಅವನು ಬಂದನೆಂದು ಟೇಲರನೂ ಬಂದ. ಗುಡಿಯಲ್ಲಿ ಇಬ್ಬರೂ ತುಟಿ ಬಿಚ್ಚಬಾರದು ಎಂದೆ. ಬಿಚ್ಚಲಿಲ್ಲ.

ನಾನು ಕಣ್ಣು ಮುಚ್ಚಿ ನಿಂತೆ. ಹಿರಿಯರ ಹೆಸರು, ಊರು, ಮನೆತನ ಎಲ್ಲ ಒಂದೊಂದಾಗಿ ಹೇಳಿಕೊಂಡು, ಮಗಳ ಹೆಸರಿಗೆ ಬರುತ್ತಿದ್ದೆ. ನಮ್ಮ ಮನೆಯಾಕೆ ಬಿಕ್ಕಿದ್ದು ಕೇಳಿಸಿತು. ಕಣ್ಣು ತೆರೆದರೆ ಎಡದ ಹೂವು ಕೆಳಗೆ ಬಿದ್ದಿದೆ.

ಮಗಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತಳು. ದೇವರು ಬೇಡ ಎಂದ ಮೇಲೆ ನಾನು ಹೂಂ ಅನ್ನುವವನಲ್ಲ, ಅದು ಅವಳಿಗೂ ಗೊತ್ತು.

ಆಗ ಹಿಂದಿನಿಂದ ತಮ್ಮ, "ಅಣ್ಣಾ, ಒಂದು ತಪ್ಪಾಗೈತಿ" ಎಂದ.

"ಏನು?"

"ನಾನೂ ಮನಸಿನ್ಯಾಗ ಒಂದು ಕೇಳಿದ್ದೆ."

ಪೂಜಾರಪ್ಪ ಆರತಿ ತಟ್ಟೆ ಕೆಳಗಿಟ್ಟ. "ಒಂದು ಹೂವು ಒಂದ ಮಾತಿಗೆ. ಮೊದಲು ಕೇಳಿದೋರು ಆ ಮಾತನ್ನ ಬಾಯಿಬಿಟ್ಟು ಹೇಳಿದ್ರ ಮಾತ್ರ ಹೊಸ ಹೂವು. ಮೊದಲು ಕೇಳಿದೋರು ಯಾರು?"

"ನಾನ. ಅಣ್ಣ ಇನ್ನೂ ಮುತ್ತಜ್ಜನ ಹೆಸರಿನ್ಯಾಗ ಇದ್ದ."

"ಏನ್ ಕೇಳಿದ್ರಿ ಕಾಕಾ?" ಎಂದಳು ಮಗಳು. ಕೇಳುವ ಅಗತ್ಯವಿರಲಿಲ್ಲ. ಟೇಲರ್ ಕಂಬದ ಮರೆಯಿಂದ ಆಗಲೇ ಎರಡು ಹೆಜ್ಜೆ ಮುಂದೆ ಬಂದಿದ್ದ.

ತಮ್ಮ ಇಕ್ಕಟ್ಟಿಗೆ ಸಿಕ್ಕಿದ. ಹೇಳದಿದ್ದರೆ ಅಣ್ಣನ ಮಗಳ ಲಗ್ನ ಮುರಿಯುತ್ತದೆ. ಹೇಳಿದರೆ ಇಷ್ಟು ದಿನ ರಸ್ತೆಯ ಮೇಲಿಂದ ಕೂಗಿದ್ದೆಲ್ಲ ನೀರಿಗೆ ಹೋಗುತ್ತದೆ. ಅವನು ಟೇಲರ್ ಮುಖ ನೋಡಿದ, ಮಗಳ ಮುಖ ನೋಡಿದ, ಕಡೆಗೆ ದೇವರಿಗೆ ಕೈಮುಗಿದು ಹೇಳಿದ: "ಹಳೇ ಗೋಲ್‌ಕೀಪರನ್ನ ತಂಡಕ್ಕ ಹೊಳ್ಳಿ ತಗಳ್ಳೋದು ಸರಿ ಐತೋ ಇಲ್ಲೋ ಅಂತ ಕೇಳಿದ್ದೆ. ದೇವ್ರು ಬ್ಯಾಡ ಅಂದಾನ."

"ಇನ್ನೊಂದ್ಸಲ ಹೇಳು, ಗಂಟಿ ಸಪ್ಪಳಕ್ಕ ಕೇಳ್ಲಿಲ್ಲ" ಎಂದ ಟೇಲರ್. ಗಂಟೆಯನ್ನು ಯಾರೂ ಬಾರಿಸಿರಲಿಲ್ಲ.

ಪೂಜಾರಪ್ಪ ತಮ್ಮನನ್ನು ಹೊಸ್ತಿಲ ಹೊರಗೆ ನಿಲ್ಲಿಸಿ, ಮನಸ್ಸಿನಲ್ಲೂ ಏನೂ ಕೇಳಕೂಡದೆಂದು ಆಣೆ ಮಾಡಿಸಿ, ಹೊಸ ಹೂವು ಏರಿಸಿದ. ನಾನು ಈ ಸಲ ಹಿರಿಯರ ಕ್ಷಮೆ ಬೇಡಿ ನೇರವಾಗಿ ಮಗಳ ಹೆಸರಿಗೇ ಬಂದೆ. ಬಲದ ಹೂವು ಮೆಲ್ಲಗೆ ಜಾರಿ ಪೀಠದ ಮೇಲೆ ಬಿತ್ತು. ನಮ್ಮ ಮನೆಯಾಕೆ ಮತ್ತೆ ಅತ್ತಳು. ಮಗಳು ಮೊದಲು ದೇವರಿಗೆ, ಆಮೇಲೆ ಹೊರಗೆ ಹೋಗಿ ಕಾಕನ ಕಾಲಿಗೆ ಬಿದ್ದಳು.

ನಾನು ಪ್ರಸಾದ ಹಿಡಿದು ಹೊರಗೆ ಬಂದಾಗ ಟೇಲರ್ ಹೇಳುತ್ತಿದ್ದ: "ಅಯ್ಯನೋರೂ ಬ್ಯಾಡ ಅಂದ್ರು, ದೇವ್ರೂ ಬ್ಯಾಡ ಅಂದ್ರು. ಇನ್ನರ ಸುಮ್ಕಾಗಲೇ."

ತಮ್ಮ ಕಣ್ಣೊರೆಸಿಕೊಂಡು, "ದೇವ್ರು ಬ್ಯಾಡ ಅಂದಿದ್ದು ಆಡೋದಕ್ಕ. ಕೋಚ್ ಮಾಡೋದು ನಾನಿನ್ನೂ ಕೇಳಿಲ್ಲ" ಎಂದು ಚಪ್ಪಲಿ ಬಿಟ್ಟು ಮತ್ತೆ ಒಳಗೆ ಹೊರಟ. ಪೂಜಾರಪ್ಪ ಒಳಗಿನಿಂದಲೇ ಬಾಗಿಲು ಹಾಕಿಕೊಂಡ.