ಸಾರಿಗೆ ಉಪ್ಪು ಸಾಲದಿದ್ದರೆ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಒಂದಿಷ್ಟು ತಪ್ಪಿರಬಹುದು. ನನ್ನ ಮದುವೆಯ ದಿನ ದೊಡ್ಡಮ್ಮ ಹಸಿರು ಸೀರೆ ಉಟ್ಟಿದ್ದಳೆಂದು ಡೈರಿಯಲ್ಲಿ ಒಂದು ಕಡೆ ಬರೆದಿದ್ದೇನೆ, ಇನ್ನೊಂದು ಕಡೆ ನೇರಳೆ. ಎರಡೂ ನನ್ನದೇ ಅಕ್ಷರ. ಆದರೆ ಅವಳು ಹಾಡಿದ ಹಾಡು ನೆನಪಿದೆ, ಎಲ್ಲರೂ ನಕ್ಕದ್ದೂ ನೆನಪಿದೆ.

ನಮ್ಮಲ್ಲಿ ಮದುವೆ ಊಟಕ್ಕೆ ಕೂತ ಬೀಗರನ್ನು ಹಾಡಿನಲ್ಲೇ ಆಡಿಕೊಳ್ಳುವ ಪದ್ಧತಿ. ಮೂಗು, ಮೀಸೆ, ಜಿಪುಣತನ ಯಾವುದನ್ನೂ ಬಿಡುವುದಿಲ್ಲ. ಬೈಸಿಕೊಂಡವರು ನಕ್ಕು ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳಬೇಕು. ಹೊನ್ನಾವರದ ಹತ್ತಿರ, ಶರಾವತಿಯ ನಡುಗಡ್ಡೆಯಾದ ನಮ್ಮ ಕುರ್ವೆಗೆ ಆಗ ದೋಣಿಯೇ ಗತಿ. ದೊಡ್ಡಮ್ಮ ಭಟ್ಕಳದ ಬೀಗರತ್ತ ಕೈ ತೋರಿಸಿ, "ಅಲ್ಲಿ ಸಾರಿಗೆ ಉಪ್ಪು ಸಾಲದಿದ್ರೆ ಕೂಗೇ ಮಗಳೆ, ದೋಣಿ ಕಳಿಸ್ತೇವೆ" ಎಂದು ಹಾಡಿದಳು. ನನ್ನ ಮಾವನವರಿಗೆ ನಕ್ಕು ನಕ್ಕು ಅನ್ನ ನೆತ್ತಿಗೆ ಹತ್ತಿತು.

ಆ ಮದುವೆ ಬಹಳ ಕಾಲ ಬಾಳಲಿಲ್ಲ. ಕೆಲಸ ಭಟ್ಕಳದಲ್ಲಿದ್ದುದರಿಂದ ಬಾಡಿಗೆ ಮನೆ ಹಿಡಿದು ಇಲ್ಲೇ ಉಳಿದೆ. ಎಂ.ಎ. ಮಾಡಿದವಳಿಗೆ ಒಬ್ಬಳಿಗಾಗುವಷ್ಟು ಸಾರು ಮಾಡಲು ಇನ್ನೂ ಬರುವುದಿಲ್ಲ. ಎಷ್ಟು ಕಡಿಮೆ ಮಾಡಿದರೂ ನಾಲ್ಕು ಜನಕ್ಕಾಗುತ್ತದೆ, ಉಪ್ಪು ಮಾತ್ರ ಒಬ್ಬಳ ಅಂದಾಜಿನದು. ಸಪ್ಪೆ ಎನ್ನಲು ಮನೆಯಲ್ಲಿ ಇನ್ನೊಂದು ನಾಲಿಗೆ ಇಲ್ಲ.

ಹೋದ ವಾರ ಕುಮಟೆಯಿಂದ ಅಣ್ಣನ ಮಗಳು ಶ್ವೇತಾ ಒಂದು ವಿಡಿಯೋ ಕಳಿಸಿದಳು. ಅವಳೂ ಗೆಳತಿಯರೂ ಗಿಟಾರು ಹಿಡಿದು ಹಳೆಯ ಹಾಡುಗಳನ್ನು ಹಾಡುತ್ತಾರೆ. ಅದಕ್ಕೆ ಕವರ್ ಸಾಂಗ್ ಎನ್ನಬೇಕಂತೆ. ನನಗೆ ಕವರ್ ಎಂದರೆ ದಿಂಬಿಗೆ ಹಾಕುವುದು, ದೊಡ್ಡಮ್ಮನಿಗೆ ಮದುವೆಯಲ್ಲಿ ಮುಯ್ಯಿ ಹಾಕಿ ಕೊಡುವುದು. ನೋಡಿದರೆ ದೊಡ್ಡಮ್ಮನ ಅದೇ ಹಾಡು! ಅವಳಿಂದಲೇ ಕಲಿತದ್ದಂತೆ. ಗಂಭೀರವಾದ ಹಾಡನ್ನು ಅಣಕಿಸಿ ಹಾಡುವವರನ್ನು ಕೇಳಿದ್ದೇನೆ. ಅಣಕದ ಹಾಡನ್ನು ಗಂಭೀರವಾಗಿ ಹಾಡಿದ್ದನ್ನು ಕೇಳಿದ್ದು ಇದೇ ಮೊದಲು. ಹುಡುಗಿ ಕಣ್ಣು ಮುಚ್ಚಿ, ಒಂದೊಂದೇ ಅಕ್ಷರ ಎಳೆದು, ಉಪ್ಪಿಗಾಗಿ ಪ್ರಾಣ ಬಿಡುವವಳಂತೆ ಹಾಡುತ್ತಿದ್ದಳು. ನಾನು ಫೋನು ಮಾಡಿ ನಕ್ಕೆ.

"ಎಂತಕ್ಕೆ ನಗಾಡ್ತೀ ಅತ್ತೆ?"

"ಅದು ಬೀಗರನ್ನ ಆಡ್ಕಳೂ ಹಾಡು ಮಾರಾಯ್ತಿ. ನೀ ಹಾಡಿದ್ದು ಕೇಳಿದ್ರೆ ಅವರು ಎಲೆ ಬಿಟ್ಟು ಏಳ್ತಿದ್ರು."

"ಆತು. ಆದ್ರೆ 'ದೋಣಿ ಕಳಿಸ್ತೇವೆ' ಅಂದದ್ದು ಯಾರಿಗೆ? ಬೀಗರಿಗಾ?"

ಬೈಗುಳ ಬೀಗರಿಗೆ, ದೋಣಿ ನನಗೆ. ಇಷ್ಟು ವರ್ಷ ಇದು ಹೊಳೆದೇ ಇರಲಿಲ್ಲ. ಮದುವೆ ಮುರಿದಾಗ ಕುರ್ವೆಯಿಂದ ಯಾರೂ ಬಾ ಎನ್ನಲಿಲ್ಲವೆಂದು ಮುನಿಸಿಕೊಂಡು ಕೂತಿದ್ದೆ. ನಾನು ಕೂಗಿದ್ದೆನೇ? ಕೂಗಿದ್ದೆ ಅನಿಸುತ್ತದೆ, ಬಹುಶಃ ಮನಸ್ಸಿನಲ್ಲೇ. ನನ್ನ ನೆನಪಿನ ಯೋಗ್ಯತೆ ಎಷ್ಟೆಂದು ಆಗಲೇ ಹೇಳಿದ್ದೇನೆ.

ಸಂಜೆ ದೊಡ್ಡಮ್ಮನಿಗೆ ಫೋನು ಮಾಡಿದೆ. "ದೊಡ್ಡಮ್ಮ, ಅವತ್ತು ದೋಣಿ ಕಳಿಸ್ತೇವೆ ಅಂತ ಹಾಡಿದ್ಯಲ, ಅದು ತಮಾಷೆಗಾ, ಖರೇನಾ?"

"ಈಗ ಸೇತುವೆ ಆತಲ್ಲೇ ಮಗಳೆ, ದೋಣಿ ಎಂತಕ್ಕೆ? ತಡಿ, ಒಲೆ ಮೇಲೆ ಸಾರು ಉಕ್ತದೆ" ಎಂದು ಫೋನಿಟ್ಟಳು.

ಅದು ಉತ್ತರವೋ, ಹಾಡಿನ ಮುಂದಿನ ಸಾಲೋ ತಿಳಿಯಲಿಲ್ಲ. ಅವಳನ್ನು ದೂರಿ ಫಲವಿಲ್ಲ. ಅವಳು ತಮಾಷೆಗೆ ಎಂದುಬಿಟ್ಟರೆ 'ಸುಮ್ಮನೆ ಕೇಳಿದೆ' ಎನ್ನಲು ಅನುಕೂಲವಾಗಲಿ ಎಂದು ನಾನೂ ನಗುನಗುತ್ತಲೇ ಕೇಳಿದ್ದೆ. ಈ ಸಲ ನಗದೆ ಕೇಳಬೇಕೆಂದು ನಿನ್ನೆ ಸೌಟು ಕೆಳಗಿಟ್ಟು ಮೆಸೇಜು ಬರೆದೆ: "ದೊಡ್ಡಮ್ಮ, ಶನಿವಾರ ಮನೆಗೆ ಬರಲಾ?" ಕಳಿಸಿದ ಮೇಲೆ ನೋಡುತ್ತೇನೆ, ಅಭ್ಯಾಸಬಲದಿಂದ ಕೊನೆಯಲ್ಲೊಂದು ನಗುವ ಮುಖ ಹಾಕಿಬಿಟ್ಟಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.