ಏನೂ ಹಾಕದ ಜಾಯಿಂಟು

ಗ್ಯಾರೇಜ್ ಮಾಲೀಕರ ಸ್ವಂತ ಕಾರಿನ ಬ್ರೇಕ್ ಪೈಪಿನ ಜಾಯಿಂಟಿನಿಂದ ಒಂದು ತೊಟ್ಟು ಎಣ್ಣೆ ಜಿನುಗಿತು. ಬೇರೆ ದಿನವಾಗಿದ್ದರೆ ಅದು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹಳೆಯ ಫೋರ್‌ಮನ್ ನಿನ್ನೆ ತಾನೇ ಕೆಲಸ ಬಿಟ್ಟಿದ್ದ, ಅವನ ಕುರ್ಚಿ ಖಾಲಿಯಿತ್ತು. ಮಾಲೀಕರು ಕೀಲಿಯನ್ನು ಮೇಜಿನ ಮೇಲೆ ಎಸೆದು, "ಸಂಜೆಯೊಳಗೆ ಇದನ್ನ ನಿಲ್ಲಿಸಿದವನೇ ಫೋರ್‌ಮನ್," ಎಂದು ಹೊರಟುಹೋದರು.

ಬ್ರೇಕ್ ಕೆಲಸವೆಂದರೆ ಆ ಗ್ಯಾರೇಜಿನಲ್ಲಿ ಹಳೆಯ ಮೆಕ್ಯಾನಿಕ್ 'ಮೇಷ್ಟ್ರು' ಅವರದೇ. ಎಲ್ಲರಿಗೂ ಪಾಠ ಹೇಳುವ ಚಟಕ್ಕೆ ಅಂಟಿದ ಹೆಸರು ಅದು. ಇಪ್ಪತ್ತೆರಡು ವರ್ಷ ಕಾರುಗಳ ಕೆಳಗೆ ಅಂಗಾತ ಬಿದ್ದು ಬೆನ್ನು ಸವೆಸಿದ್ದ ಅವರಿಗೆ ಇನ್ನು ಕೂರಲು ಆ ಕುರ್ಚಿ ಬೇಕೇ ಬೇಕಿತ್ತು. ಬೆಳಿಗ್ಗೆ ಹೆಂಡತಿ ಹೇಳಿಯೇ ಕಳಿಸಿದ್ದಳು: "ಇವತ್ತೊಂದಿನ ಪಾಠ ಬದಿಗಿಡಿ. ಮಾಲೀಕರ ಕಿವಿಗೆ ಹಿತವಾಗಿರೋದನ್ನ ಹೇಳಿ."

ಮೇಷ್ಟ್ರು ಚಕ್ರ ಬಿಚ್ಚುವಷ್ಟರಲ್ಲಿ ಸ್ಟೋರ್ ಕೀಪರ್ ಹಾಜರಾದ. ಮಾಲೀಕರ ಹೆಂಡತಿಯ ತಮ್ಮ. ಖಾಲಿ ಡಬ್ಬ ವಾಪಸ್ ಕೊಡದೆ ಬೆರಳಷ್ಟು ಗ್ರೀಸೂ ಬಿಚ್ಚದ ಆಸಾಮಿ. ಕೈಯಲ್ಲಿ ನಲ್ಲಿಗೆ ಸುತ್ತುವ ಬಿಳಿ ಟೇಪು.

"ನಾಲ್ಕು ಸುತ್ತು ಸುತ್ತಿ ಬಿಗೀರಿ, ಮುಗೀತು."

"ಇದೇನು ಬಚ್ಚಲ ನಲ್ಲೀನಾ? ಟೇಪಿನ ಚೂರು ಒಳಗೆ ಹೋಗಿ ಸಿಕ್ಕೊಂಡ್ರೆ ಬ್ರೇಕೇ ಹಿಡಿಯಲ್ಲ."

ಪೇಂಟರ್ ಕೆಂಪು ಪೇಸ್ಟಿನ ಟ್ಯೂಬು ಹಿಡಿದು ಬಂದ. "ಇಂಜಿನ್ನಿಗೆ ಹಾಕೋದನ್ನ ಇದಕ್ಕೆ ಹಾಕಬಾರದಾ?"

"ನಿನ್ನ ಪೇಂಟನ್ನೇ ತಿಂದುಹಾಕೋ ಎಣ್ಣೆ ಇದು. ಪೇಸ್ಟನ್ನ ಬಿಡುತ್ತಾ?"

"ಕಾರೆತ್ತೋ ಲಿಫ್ಟಿಗೆ ಮೊನ್ನೆ ನೀವೇ ಅಂಟು ಹಾಕಿದ್ರಿ," ಎಂದ ಸ್ಟೋರ್ ಕೀಪರ್.

"ಅಲ್ಲಿ ಎಣ್ಣೆ ತಡೆಯೋದು ತಿರುಪಿನ ಥ್ರೆಡ್ಡು, ಅದಕ್ಕೇ ಅಂಟು ಹಾಕಿದೆ. ಇಲ್ಲಿ ತಡೆಯೋದು ಪೈಪಿನ ಅರಳಿಸಿದ ಬಾಯಿ. ಅದು ಸರಿಯಾಗಿ ಕೂತ್ರೆ ಬೇರೇನೂ ಬೇಡ." ಪಾಠ ಶುರುವಾಗಿಬಿಟ್ಟಿತ್ತು.

ಮೇಷ್ಟ್ರು ಊಟ ಮಾಡಿ ಬರುವಷ್ಟರಲ್ಲಿ ಅವರಿಬ್ಬರೂ ಸೇರಿ ಜಾಯಿಂಟಿಗೆ ಟೇಪು ಸುತ್ತಿ, ಮೇಲೆ ಪೇಸ್ಟು ಮೆತ್ತಿ, ಗಾಯಕ್ಕೆ ಕಟ್ಟು ಕಟ್ಟಿದಂತೆ ಮಾಡಿಟ್ಟಿದ್ದರು. ಎಣ್ಣೆ ಈಗ ಎರಡು ಕಡೆ ಸೋರುತ್ತಿತ್ತು. ಇಬ್ಬರಿಗೂ ಮನಸ್ಸಿನಲ್ಲೇ ಶಾಪ ಹಾಕುತ್ತ ಮೇಷ್ಟ್ರು ಅದನ್ನೆಲ್ಲ ಕೆರೆದು ತೊಳೆದರು. ಪೈಪಿನ ಬಾಯಿ ಕೂದಲೆಳೆಯಷ್ಟು ಸೀಳಿತ್ತು. ಹೊಸ ಪೈಪು ಕತ್ತರಿಸಿ, ಬಾಯಿ ಅರಳಿಸಿ, ಬಿಗಿದು, ಎಣ್ಣೆಯೊಳಗೆ ಸೇರಿದ್ದ ಗಾಳಿ ತೆಗೆದರು. ಐದು ಗಂಟೆಗೆ ಜಾಯಿಂಟಿಗೆ ಒತ್ತಿದ ಕಾಗದ ಒಣಗಿದ್ದಂತೆಯೇ ಹೊರಬಂತು.

ಮಾಲೀಕರು ಬಂದರು, ಹಿಂದೆ ಸ್ಟೋರ್ ಕೀಪರ್ ಮೈದುನ. ಪೆಡಲ್ ತುಳಿದರು, ಬಗ್ಗಿ ನೋಡಿದರು. "ಭೇಷ್. ಏನು ಹಾಕ್ದೆ?"

"ಏನೂ ಹಾಕಿಲ್ಲ ಸಾರ್."

ಮಾಲೀಕರ ಮುಖ ಹುಳ್ಳಗಾಯಿತು. "ಬೆಳಿಗ್ಗೆಯಿಂದ ಇಲ್ಲೀವರೆಗೂ ಏನೂ ಹಾಕಿಲ್ವಾ? ನನ್ನ ಹೆಂಡ್ತಿ ಮಕ್ಕಳು ಕೂರೋ ಕಾರಯ್ಯ ಇದು."

ಮೇಷ್ಟ್ರಿಗೆ ಹೆಂಡತಿಯ ಮಾತು ನೆನಪಾಯಿತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಆ ಗ್ಯಾರೇಜಿನಲ್ಲಿ ಸುಳ್ಳು ಹೇಳಿದರು. "ಹಾಗಲ್ಲ ಸಾರ್, ಒಂದು ಔಷಧಿ ಹಾಕಿದೀನಿ. ಹಾಕಿದ್ದೇ ಕಾಣಲ್ಲ. ಅದೇ ಅದರ ವಿಶೇಷ."

ಮಾಲೀಕರ ಮುಖ ಅರಳಿತು. "ಇಂಥದ್ದು ನಮ್ಮ ಸ್ಟೋರಲ್ಲಿತ್ತಾ? ಯಾರು ತರಿಸಿದ್ದು?"

ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಮೈದುನ ಮುಂದೆ ಬಂದ. "ನಾನೇ ಭಾವ. ಇದನ್ನೇ ಹಾಕಿ ಅಂತ ಬೆಳಿಗ್ಗೆಯಿಂದ ಬಡ್ಕೊಂಡೆ. ಈಗ ಕೇಳಿದಾರೆ."

ಅವನದು ಸುಳ್ಳೆಂದರೆ ಮೇಷ್ಟ್ರು ತಮ್ಮದೂ ಸುಳ್ಳೆಂದು ಒಪ್ಪಬೇಕಿತ್ತು. ಬಗ್ಗಿ ಸ್ಪ್ಯಾನರುಗಳನ್ನು ಜೋಡಿಸತೊಡಗಿದರು.

"ಕೈಕೆಲಸ ಯಾರು ಬೇಕಾದ್ರೂ ಮಾಡ್ತಾರೆ," ಎಂದರು ಮಾಲೀಕರು, ಮೈದುನನ ಬೆನ್ನು ತಟ್ಟುತ್ತ. "ಯಾವುದಕ್ಕೆ ಏನು ಹಾಕ್ಬೇಕು ಅಂತ ಗೊತ್ತಿರೋನು ಫೋರ್‌ಮನ್ ಆಗ್ಬೇಕು. ಇನ್ಮೇಲೆ ಎಲ್ಲಾ ಗಾಡಿಗೂ ಇದೇ ಔಷಧಿ." ಕಾರು ಹತ್ತಿ ಹೋದರು, ಬ್ರೇಕು ಗೇಟಿನ ಬಳಿ ಸೊಗಸಾಗಿ ಹಿಡಿಯಿತು.

ಹೊಸ ಫೋರ್‌ಮನ್ ಕುರ್ಚಿಯಲ್ಲಿ ಕೂತು ಕಾಲು ಚಾಚಿದ.

"ನಾಳೆ ನಾಲ್ಕು ಕಾರಿದೆ ಮೇಷ್ಟ್ರೇ, ಅದಕ್ಕೂ ನೀವೇ ಹಾಕ್ಬೇಕು. ಹೊಸ ಡಬ್ಬ ಕೊಡ್ತೀನಿ." ಅವನ ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ. "ಮೊದಲು ಖಾಲಿ ಡಬ್ಬ ವಾಪಸ್ ಕೊಡಿ."